ಬಾರಲ್ಲಿ ಸಿಗರೇಟ್ ಬಂದ್ ಮಾಡೋದು ಸರೀನಾ, ಎಕ್ಸಾಸ್ಟ್ ಫ್ಯಾನ್ ಹಾಕ್ಸಿದ್ರೆ ಸಾಕಾ?

ಪ್ರಶ್ನೆ: ಡಾಕ್ಟ್ರೇ, ತೀರ್ಥಹಳ್ಳಿ ಹತ್ರ ನಮ್ಮ ಚಿಕ್ಕಪ್ಪಂದು ಒಂದು ಬಾರ್ ಅಂಡ್ ರೆಸ್ಟೋರೆಂಟ್ ಇದೆ, ಸಿಎಲ್-9 ಲೈಸೆನ್ಸು, ಸಂಜೆ ಹೊತ್ತು ಕ್ಯಾಶಲ್ಲಿ ನಾನೇ ಕೂರೋದು. ನಾನು ಸೇದಲ್ಲ. ಆದ್ರೆ ಮಳೆಗಾಲದಲ್ಲಿ ಕಿಟಕಿ ಮುಚ್ಚಿದ್ರೆ ಒಳಗೆ ಎಷ್ಟು ಹೊಗೆ ಅಂದ್ರೆ ಮನೆಗೆ ಹೋದ ಕೂಡ್ಲೆ ಹೆಂಡ್ತಿ ಅಂಗಿ ಜಗಲಿ ಮೇಲೇ ಬಿಚ್ಚಿ ಬನ್ನಿ ಅಂತಾಳೆ. ಹನ್ನೊಂದು ವರ್ಷದಿಂದ ನಮ್ಮಲ್ಲೇ ಇರೋ ಸಪ್ಲೈಯರ್ ಒಬ್ರಿಗೆ ಒಂದು ತಿಂಗಳಿಂದ ಕೆಮ್ಮು ಬಿಡ್ತಿಲ್ಲ. ಸೇದೋದು ಬಂದ್ ಮಾಡೋಣ ಅಂದ್ರೆ ಚಿಕ್ಕಪ್ಪ, ಪೆಗ್ಗಿನ ಜೊತೆ ಸಿಗರೇಟ್ ಇಲ್ಲ ಅಂದ್ರೆ ಗಿರಾಕಿ ಎದುರಿನ ಬಾರಿಗೆ ಹೋಗ್ತಾನೆ, ದೊಡ್ಡದೊಂದು ಎಕ್ಸಾಸ್ಟ್ ಫ್ಯಾನ್ ಹಾಕ್ಸು ಸಾಕು ಅಂತಾರೆ. ಬಾರು ಹೋಟ್ಲಲ್ಲಿ ಸಿಗರೇಟ್ ಪೂರ್ತಿ ಬ್ಯಾನ್ ಮಾಡೋದು ನ್ಯಾಯಾನಾ? ಫ್ಯಾನ್ ಸಾಕಾಗುತ್ತಾ?

ಉತ್ತರ: ಸಣ್ಣ ಉತ್ತರ ಮೊದ್ಲೇ ಹೇಳಿಬಿಡ್ತೀನಿ. ಫ್ಯಾನ್ ಸಾಕಾಗಲ್ಲ, ಬ್ಯಾನ್ ನ್ಯಾಯವೇ, ಮತ್ತೆ ಆ ಬ್ಯಾನ್ ಆಗಿ ಎಷ್ಟೋ ವರ್ಷ ಆಗಿದೆ ಮಾರಾಯ್ರೆ. ಬ್ಯಾನ್ ಮಾಡ್ಬೇಕಾ ಅಂತ ನೀವು ಕೇಳಿರೋದು ನೋಡಿದ್ರೇನೇ ನಮ್ಮ ಕಡೆ ಕಾನೂನು ಎಷ್ಟು ಗಟ್ಟಿಯಾಗಿ ಜಾರಿ ಆಗಿದೆ ಅಂತ ಗೊತ್ತಾಗುತ್ತೆ.

2003ರ ತಂಬಾಕು ನಿಯಂತ್ರಣ ಕಾಯ್ದೆ, ಎಲ್ರೂ ಕೋಟ್ಪಾ ಕೋಟ್ಪಾ ಅಂತಾರಲ್ಲ ಅದು, ಅದರ 4ನೇ ಸೆಕ್ಷನ್ನಲ್ಲೇ ಸಾರ್ವಜನಿಕ ಸ್ಥಳದಲ್ಲಿ ಸೇದಂಗಿಲ್ಲ ಅಂತ ಇದೆ. ಅದಕ್ಕೂ ಮುಂಚೆ 2001ರ ನವೆಂಬರಲ್ಲಿ ಸುಪ್ರೀಂ ಕೋರ್ಟೇ ಆಸ್ಪತ್ರೆ ಬಸ್ಸು ರೈಲು ಆಫೀಸುಗಳಲ್ಲಿ ಸೇದೋದು ನಿಲ್ಸಿ ಅಂತ ಆರ್ಡರ್ ಮಾಡಿತ್ತು. ಆಮೇಲೆ 2008ರ ಅಕ್ಟೋಬರ್ 2ರಿಂದ, ಗಾಂಧಿ ಜಯಂತಿ ದಿನವೇ, ಹೊಸ ನಿಯಮ ಬಂತು ನೋಡಿ, ಅದರಲ್ಲಿ ರೆಸ್ಟೋರೆಂಟ್ ಅಂದ್ರೆ ಯಾವುದು ಅಂತ ಬಿಡಿಸಿ ಹೇಳುವಾಗ ಕ್ಯಾಂಟೀನು, ಕಾಫಿ ಹೌಸು, ಪಬ್ಬು, ಬಾರು ಎಲ್ಲಾ ಹೆಸರು ಹಿಡಿದೇ ಸೇರ್ಸಿದಾರೆ. ಹಂಗಾಗಿ 'ಅದು ಹೋಟ್ಲಿಗೆ ಸ್ವಾಮಿ, ಬಾರಿಗಲ್ಲ' ಅನ್ನೋ ವಾದ ನಡಿಯಲ್ಲ. ಒಂದೇ ಒಂದು ಸಂದಿ ಬಿಟ್ಟಿದಾರೆ, ಮೂವತ್ತು ಸೀಟಿಗೆ ಕಮ್ಮಿ ಇಲ್ದಿರೋ ರೆಸ್ಟೋರೆಂಟು, ಮೂವತ್ತು ರೂಮಿನ ಹೋಟ್ಲು, ಏರ್‌ಪೋರ್ಟು, ಇವುಗಳು ಸೇದೋರಿಗೆ ಅಂತ ಬೇರೆ ಜಾಗ ಮಾಡ್ಬಹುದು. ಆ ಸಂದಿ ಬಗ್ಗೆ ಆಮೇಲೆ ಹೇಳ್ತೀನಿ, ಯಾಕಂದ್ರೆ ನಿಮ್ಮ ಚಿಕ್ಕಪ್ಪನ ಫ್ಯಾನು ಅಲ್ಲೇ ಸಿಕ್ಕಾಕ್ಕೊಳೋದು.

ನಮ್ಮ ರಾಜ್ಯದಲ್ಲಿ ಇನ್ನೂ ಬಿಗಿ. ಕರ್ನಾಟಕದ ತಿದ್ದುಪಡಿ 2025ರ ಮೇ ಕೊನೆಗೆ ಜಾರಿಗೆ ಬಂತು, ಇನ್ನೂರು ರೂಪಾಯಿ ಇದ್ದ ದಂಡ ಸಾವಿರಕ್ಕೆ ಏರಿತು, ತಂಬಾಕು ಮಾರೋ ವಯಸ್ಸು ಹದಿನೆಂಟರಿಂದ ಇಪ್ಪತ್ತೊಂದಕ್ಕೆ ಹೋಯ್ತು, ಹುಕ್ಕಾ ಬಾರ್ ನಡೆಸಿದ್ರೆ ಜೈಲು, ಬಿಡಿ ಸಿಗರೇಟ್ ಮಾರಂಗಿಲ್ಲ. ನಿಮ್ಮ ಕೌಂಟರಲ್ಲಿ ಪ್ಯಾಕ್ ಒಡೆದು ಒಂದೊಂದೇ ಕೊಡ್ತಿದ್ರೆ, ಕೊಡ್ತೀರ ಅಂತ ನಾನು ಹೇಳ್ತಿಲ್ಲ, ಆದ್ರೆ ಕೊಡ್ತಿದ್ರೆ ಅದೂ ನಿಲ್ಬೇಕು.

ಇಷ್ಟು ಕಾನೂನು. ಕಾನೂನಿದೆ ಅಂತ ಮಾತ್ರಕ್ಕೆ ಅದು ನ್ಯಾಯ ಅಂತ ನಾನು ಒಪ್ಪೋನಲ್ಲ, ನೀವು ಕೇಳಿದ್ದೂ ಅದನ್ನೇ, ಹಾಗಾಗಿ ಆ ಮಾತಿಗೆ ಬರ್ತೀನಿ.

ಈ ವಿಷ್ಯ ಬಂದಾಗೆಲ್ಲ ಜನ ಎರಡೇ ಪಾರ್ಟಿ ಮಾಡ್ತಾರೆ, ಸೇದೋ ಗಿರಾಕಿ ಒಂದು ಕಡೆ, ಸೇದದ ಗಿರಾಕಿ ಇನ್ನೊಂದು ಕಡೆ. ಸೇದದವನಿಗೆ ಹೊಗೆ ಆಗಲ್ವಾ, ಬೇರೆ ಕಡೆ ಹೋಗ್ಲಿ, ಯಾರು ಬಲವಂತ ಮಾಡಿದ್ರು ಅಂತ ಮಾತು ಮುಗಿಸ್ತಾರೆ. ಗಿರಾಕಿ ಲೆಕ್ಕದಲ್ಲಿ ಆ ಮಾತು ತಪ್ಪೂ ಅಲ್ಲ, ಅವ್ನು ಒಂದೂವರೆ ಗಂಟೆ ಕೂತು ಎದ್ದು ಹೋಗ್ತಾನೆ. ಆದ್ರೆ ಬಾರಲ್ಲಿ ಮೂರನೇ ಪಾರ್ಟಿ ಒಂದಿದೆ, ಬೆಳಗ್ಗೆ ಹತ್ತಕ್ಕೆ ಬಂದು ಟೇಬಲ್ ಒರೆಸಿ, ರಾತ್ರಿ ಕೊನೇ ಟೇಬಲ್ಲಿನ ಬಿಲ್ ಆಗೋ ತನಕ ನಿಂತಿರೋದು. ಸಪ್ಲೈಯರು, ಕ್ಲೀನರು, ಅಡುಗೆಯೋರು, ಕ್ಯಾಶಲ್ಲಿ ಕೂತ ನೀವು. ನಿಮ್ಮ ಪ್ರಶ್ನೆಲಿ ನನಗೆ ದೊಡ್ಡದಾಗಿ ಕಂಡಿದ್ದು ಆ ಹನ್ನೊಂದು ವರ್ಷದ ಸಪ್ಲೈಯರು, ನಿಮ್ಮ ಗಿರಾಕಿ ಅಲ್ಲ. ನನ್ನ ಪ್ರಕಾರ ಬಾರಲ್ಲಿ ಸಿಗರೇಟ್ ಬ್ಯಾನ್ ಅನ್ನೋದು ಕೆಲಸದ ಜಾಗದ ಪ್ರಶ್ನೆ. ಗರಗಸದ ಮಿಲ್ಲಲ್ಲಿ ಬ್ಲೇಡಿಗೆ ಗಾರ್ಡ್ ಹಾಕು ಅಂದ್ರೆ ಯಾರೂ ಮರದ ಗಿರಾಕಿಯ ಸ್ವಾತಂತ್ರ್ಯ ಹೋಯ್ತು ಅನ್ನಲ್ಲ ಅಲ್ವ.

ನಾನು ಶಿವಮೊಗ್ಗದಲ್ಲಿ ಎದೆ ಕಾಯಿಲೆ ನೋಡೋಕೆ ಕೂತು ಇಪ್ಪತ್ತು ವರ್ಷ ದಾಟ್ತು. ಶುರುವಿನಲ್ಲಿ ಒಬ್ರು ಬಂದಿದ್ರು, ನಲವತ್ತರ ಆಸುಪಾಸು, ಮೆಟ್ಲು ಹತ್ತಿದ್ರೆ ಏದುಸಿರು. ಬೀಡಿ ಸೇದ್ತೀರಾ, ಇಲ್ಲ. ಸಿಗರೇಟು, ಇಲ್ಲ. ನಾನು ನಂಬ್ಲಿಲ್ಲ, ಆವಾಗ ನನಗೂ ವಯಸ್ಸು ಕಮ್ಮಿ, ಹೆಂಡ್ತಿ ಮುಂದೆ ಸುಳ್ಳು ಹೇಳ್ತಿದಾರೆ ಅಂದ್ಕಂಡು ಅವರನ್ನ ಹೊರಗೆ ಕಳ್ಸಿ ಮತ್ತೆ ಕೇಳಿದೆ. ಆ ಮನುಷ್ಯ ಬೇಜಾರಾಗಿ, ಸರ್ ನಾನು ಇಪ್ಪತ್ತೊಂದು ವರ್ಷದಿಂದ ಬಾರಲ್ಲಿದೀನಿ, ಒಂದು ದಿನ ಕುಡಿದಿಲ್ಲ ಒಂದು ದಿನ ಸೇದಿಲ್ಲ ಅಂದ್ರು. ಕೆಲಸ ಎಲ್ಲಿ ಅಂತ ಮೊದ್ಲು ಕೇಳ್ಬೇಕಿತ್ತು ನಾನು. ಈಗ ಅದೇ ನನ್ನ ಮೊದಲ ಪ್ರಶ್ನೆ. ಒಬ್ಬ ಮನುಷ್ಯನ ಕಾಯಿಲೆಗೆ ಇದೇ ಕಾರಣ ಅಂತ ಬೆರಳು ತೋರ್ಸೋಕೆ ಆಗಲ್ಲ, ಅವರ ಮನೆಲಿ ಸೌದೆ ಒಲೆನೂ ಇತ್ತು, ಅದನ್ನೂ ಹೇಳ್ಬೇಕು. ಆದ್ರೆ ಗುಂಪಿನ ಲೆಕ್ಕ ನೋಡಿದ್ರೆ ಚಿತ್ರ ಚೆನ್ನಾಗಿ ಕಾಣುತ್ತೆ.

ನನಗೆ ಇಷ್ಟವಾದ ಸ್ಟಡಿ ಒಂದಿದೆ, ತುಂಬ ಸಣ್ಣದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1998ರ ಜನವರಿಯಿಂದ ಬಾರುಗಳಲ್ಲೂ ಸೇದಂಗಿಲ್ಲ ಅಂತ ಆಯ್ತು. ಸ್ಯಾನ್ ಫ್ರಾನ್ಸಿಸ್ಕೋದ 53 ಜನ ಬಾರ್‌ಟೆಂಡರುಗಳನ್ನ ಬ್ಯಾನಿಗೆ ಮುಂಚೆ ಒಂದ್ಸಲ, ಬ್ಯಾನಾಗಿ ಒಂದೆರಡು ತಿಂಗಳಿಗೆ ಇನ್ನೊಂದ್ಸಲ ನೋಡಿದ್ರು. ಮೊದ್ಲು 39 ಜನಕ್ಕೆ ಕೆಮ್ಮು ಕಫ ಗೊರಗೊರ ಏನಾದ್ರೂ ಒಂದು ಇತ್ತು, ಎರಡನೇ ಸಲಕ್ಕೆ ಅವರಲ್ಲಿ 23 ಜನಕ್ಕೆ ಅದು ಇರ್ಲೇ ಇಲ್ಲ. ಅವರಲ್ಲಿ ಕೆಲವರು ಸ್ವತಃ ಸೇದೋರು, ಗೊತ್ತಿರ್ಲಿ. ಔಷಧಿ ಇಲ್ಲ ಏನಿಲ್ಲ, ಕೆಲಸದ ಜಾಗದ ಗಾಳಿ ಬದಲಾಯ್ತು ಅಷ್ಟೇ. ಆಮೇಲೆ 2004ರ ಮಾರ್ಚ್ 29ಕ್ಕೆ ಐರ್ಲೆಂಡ್ ಇಡೀ ದೇಶದಲ್ಲಿ ಪಬ್ಬುಗಳೂ ಸೇರಿ ಕೆಲಸದ ಜಾಗದಲ್ಲಿ ಸೇದೋದು ನಿಲ್ಲಿಸ್ತು, ಪ್ರಪಂಚದಲ್ಲೇ ಮೊದಲ ದೇಶ ಅದು. ಮಳೆ, ಚಳಿ, ಕುಡಿತ, ಹರಟೆ, ಎಲ್ಲದರಲ್ಲೂ ನಮ್ಮ ಮಲೆನಾಡಿಗೆ ಬೀಗರಾಗೋ ದೇಶ, ಅಲ್ಲಿಯೋರೂ ಈಗ ಸೇದ್ಬೇಕು ಅಂದ್ರೆ ಹೊರಗೆ ಹೋಗಿ ನಿಲ್ತಾರೆ.

ಹಾರ್ಟ್ ಅಟ್ಯಾಕ್ ಕಮ್ಮಿ ಆಯ್ತು ಅಂತನೂ ಓದಿರ್ತೀರಿ. ಸ್ಕಾಟ್ಲೆಂಡಲ್ಲಿ 2006ರ ಬ್ಯಾನ್ ಆದ್ಮೇಲೆ ಒಂಬತ್ತು ಆಸ್ಪತ್ರೆಗಳಲ್ಲಿ ಹೃದಯದ ಎಮರ್ಜೆನ್ಸಿ ಕೇಸು ನೂರಕ್ಕೆ 17ರಷ್ಟು ಇಳಿದವು, ಇಳಿದಿದ್ರಲ್ಲಿ ಮೂರರಲ್ಲಿ ಎರಡು ಪಾಲು ಸೇದದವರದ್ದೇ. ಇಂಗ್ಲೆಂಡಲ್ಲಿ 2007ರ ಬ್ಯಾನ್ ಆದ್ಮೇಲೆ ದೊಡ್ಡ ಲೆಕ್ಕ ಹಾಕಿದ್ರೆ ಬಂದಿದ್ದು ನೂರಕ್ಕೆ 2.4 ಮಾತ್ರ. ಭಾಷಣ ಮಾಡೋರು 17 ಮಾತ್ರ ಹೇಳ್ತಾರೆ, ಸಿಗರೇಟ್ ಪರ ಇರೋರು 2.4 ಮಾತ್ರ ಹೇಳ್ತಾರೆ. ಇಂಗ್ಲೆಂಡಲ್ಲಿ ಎಷ್ಟೋ ಆಫೀಸು ಹೋಟ್ಲುಗಳಲ್ಲಿ ಅದಕ್ಕೂ ಮುಂಚೆನೇ ಸೇದೋದು ನಿಂತಿತ್ತು, ಹಂಗಾಗಿ ಇಳಿಯೋಕೆ ಉಳಿದಿದ್ದೇ ಕಮ್ಮಿ. ಎರಡೂ ಕಡೆ ಇಳಿದಿದ್ದಂತೂ ಹೌದು. ನಾನು ಯಾರ ಹತ್ರನಾದ್ರೂ ಈ ವಿಷ್ಯ ವಾದ ಮಾಡ್ಬೇಕಾದ್ರೆ ಆ 53 ಬಾರ್‌ಟೆಂಡರುಗಳನ್ನೇ ಹಿಡ್ಕೊಳೋದು.

ಈಗ ಹೊಗೆ. ನಮ್ಮ ಕಡೆ ಜನಕ್ಕೆ ಹೊಗೆ ಅಂದ್ರೆ ಹೆದರಿಕೆನೇ ಇಲ್ಲ, ಬಚ್ಚಲ ಒಲೆ ಹೊಗೆ, ಅಡಿಕೆ ಬೇಯಿಸೋ ಹಂಡೆ ಹೊಗೆ, ಮಳೇಲಿ ಹಸಿ ಸೌದೆ ಹೊಗೆ, ಅದರಲ್ಲೇ ಬೆಳೆದೋರು ನಾವು. ಅಜ್ಜಿ ಊದುಗೊಳವೆ ಹಿಡಿದೇ ಎಂಬತ್ತು ವರ್ಷ ಬದುಕಿದ್ಲು ಅಂತಾರೆ. ಬದುಕಿದ್ಲು, ಆದ್ರೆ ಕೊನೇ ಹತ್ತು ವರ್ಷ ಕೂತ್ಕಂಡೇ ನಿದ್ದೆ ಮಾಡಿದ್ಲು ಅನ್ನೋದು ಯಾರಿಗೂ ನೆನಪಿರಲ್ಲ. ಅದಿರ್ಲಿ. ಬಾರಲ್ಲಿ ತೇಲೋ ಹೊಗೆಲಿ ಹೆಚ್ಚಿನ ಪಾಲು ಸೇದೋನ ಬಾಯಿಂದ ಬಂದಿದ್ದಲ್ಲ, ಆಶ್‌ಟ್ರೇ ಮೇಲೆ ಇಟ್ಟು ಮಾತಾಡ್ತಾ ಕೂತಾಗ ತುದಿಯಿಂದ ಸುಮ್ನೆ ಏಳುತ್ತಲ್ಲ, ಆ ನೀಲಿ ಗೆರೆ, ಅದು. ಅವನ ಎದೆಗೆ ಹೋಗೋ ಹೊಗೆ ಫಿಲ್ಟರ್ ದಾಟಿ ಹೋಗುತ್ತೆ, ನಿಮ್ಮ ಸಪ್ಲೈಯರಿಗೆ ಬರೋದಕ್ಕೆ ಫಿಲ್ಟರೂ ಇಲ್ಲ ಏನೂ ಇಲ್ಲ. ತಂಬಾಕಿನ ಹೊಗೆಲಿ ಏಳು ಸಾವಿರಕ್ಕೂ ಜಾಸ್ತಿ ರಾಸಾಯನಿಕ ಇದೆ, ಅದರಲ್ಲಿ 69 ಕ್ಯಾನ್ಸರ್ ತರೋವು. ಸೇದದೇ ಇದ್ದೂ ಬೇರೆಯೋರ ಹೊಗೆಲಿ ಇರೋರಿಗೆ ಹೃದಯದ ಕಾಯಿಲೆ ಅಪಾಯ ನೂರಕ್ಕೆ 25ರಿಂದ 30ರಷ್ಟು ಏರುತ್ತೆ, ಶ್ವಾಸಕೋಶದ ಕ್ಯಾನ್ಸರದ್ದು 20ರಿಂದ 30. ಹೊಗೆ ಕಮ್ಮಿ ಇದ್ರೆ ಪರ್ವಾಗಿಲ್ಲ ಅನ್ನೋ ಮಟ್ಟ ಅಂತ ಯಾವುದೂ ಇಲ್ಲ ಅಂತ ಅಮೆರಿಕದ ಸರ್ಜನ್ ಜನರಲ್, ಅಂದ್ರೆ ಅಲ್ಲಿನ ಸರ್ಕಾರದ ದೊಡ್ಡ ಡಾಕ್ಟ್ರು, ಅವರ ವರದಿ 2006ರಲ್ಲೇ ಹೇಳಿಬಿಡ್ತು. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಜಾಸ್ತಿ ಜನ ಹಿಂಗೆ ಬೇರೆಯೋರ ಹೊಗೆಗೆ ಸಾಯ್ತಾರೆ. ನಿಮ್ಮ ಅಂಗಿ ಜಗಲಿ ಮೇಲೆ ಬಿಚ್ಚಿಸೋ ನಿಮ್ಮ ಮನೆಯೋರು ತುಂಬ ಸರಿ, ಆ ಜಿಡ್ಡು ಬಟ್ಟೆಗೆ ಗೋಡೆಗೆ ಪರದೆಗೆ ಕೂತಿರುತ್ತೆ, ಮನೆಲಿ ಮಗು ಇದ್ರೆ ಇನ್ನೂ ಜಾಗ್ರತೆ.

ಫ್ಯಾನ್ ಕಥೆ. ಎಕ್ಸಾಸ್ಟ್ ಫ್ಯಾನ್ ಕೆಲಸ ಏನು, ಒಳಗಿನ ಗಾಳಿ ಹೊರಗೆ ತಳ್ಳೋದು. ತಳ್ಳಿದ ಗಾಳಿ ಜಾಗಕ್ಕೆ ಬೇರೆ ಗಾಳಿ ಬರ್ಬೇಕಲ್ಲ, ಎಲ್ಲಿಂದ ಬರುತ್ತೆ? ಬೇಸಿಗೆಲಿ ಕಿಟಕಿಯಿಂದ ಬರುತ್ತೆ. ಜೂನ್ ಜುಲೈಲಿ ತೀರ್ಥಹಳ್ಳಿ ಕಡೆ ಕಿಟಕಿ ತೆಗೆದ್ರೆ ಇರ್ಚಲು ಹೊಡೆದು ಟೇಬಲ್ ಮೇಲಿನ ಶೇಂಗಾ ನೆನೆದು ಹೋಗುತ್ತೆ, ಹಂಗಾಗಿ ಎಲ್ಲಾ ಮುಚ್ಚಿರ್ತೀರಿ. ಆವಾಗ ಫ್ಯಾನು ಸದ್ದು ಮಾಡುತ್ತೆ, ಗಾಳಿ ಎಳೆಯಲ್ಲ, ಎಳೆದ್ರೂ ಅಡುಗೆಮನೆ ಬಾಗಿಲಿಂದ ಒಗ್ಗರಣೆ ಘಾಟು ಎಳ್ಕಂಡು ಬರುತ್ತೆ. ಗಾಳಿಮಳೆ ಪಶ್ಚಿಮದಿಂದ ಬೀಸ್ತಿದ್ರೆ ಫ್ಯಾನಿನ ರೆಕ್ಕೆ ಸಂದೀಲೇ ವಾಪಸ್ ಒಳಗೆ. ಇನ್ನೊಂದು ಎಂತ ಅಂದ್ರೆ, ಫ್ಯಾನ್ ಇರೋದು ಗೋಡೆ ಮೂಲೆಲಿ, ಸಿಗರೇಟ್ ಇರೋದು ಟೇಬಲ್ ಮೇಲೆ, ಅದರ ಮಧ್ಯೆ ಟ್ರೇ ಹಿಡಿದು ನಿಂತಿರೋದು ಮನುಷ್ಯ. ಹೊಗೆ ಫ್ಯಾನಿಗೆ ತಲುಪೋಕೆ ಮುಂಚೆ ಅವನ ಮೂಗಿಗೆ ತಲುಪಿ ಆಗಿರುತ್ತೆ.

ಏಸಿ ಫ್ಯಾಮಿಲಿ ರೂಮ್ ಇದ್ರೆ ಅದನ್ನೂ ನೋಡ್ಕಳಿ. ಸ್ಪ್ಲಿಟ್ ಏಸಿ ಹೊರಗಿನ ಗಾಳಿ ತರಲ್ಲ, ಒಳಗಿನ ಗಾಳಿನೇ ಎಳೆದು ತಣ್ಣಗೆ ಮಾಡಿ ಅದನ್ನೇ ಬಿಡೋದು. ಬಾಗಿಲು ತೆಗೆದಾಗೆಲ್ಲ ಬಾರ್ ಹಾಲಿಂದ ಒಂದಿಷ್ಟು ಹೊಗೆ ಒಳಗೆ ಹೋಗುತ್ತೆ, ಹೋಗಿ ಅಲ್ಲೇ ತಿರುಗುತ್ತೆ. ಆಗುಂಬೆ ಸೂರ್ಯಾಸ್ತ ನೋಡೋಕೆ ಬಂದೋರು ಮಕ್ಕಳನ್ನ ಕರ್ಕಂಡು ಅಲ್ಲೇ ಊಟಕ್ಕೆ ಕೂರೋದು. ಅಮೆರಿಕದ ಏರ್ ಕಂಡೀಷನಿಂಗ್ ಇಂಜಿನಿಯರುಗಳ ಸಂಘ ಆಶ್ರೇ ಅಂತ ಇದೆ, ಫ್ಯಾನು ಏಸಿ ಮಾಡೋದೇ ಅವರ ಕಸುಬು, ಅವರೇ ಹೇಳ್ತಾರೆ, ಒಳಗೆ ಸೇದೋದು ನಿಲ್ಸೋದು ಬಿಟ್ರೆ ಬೇರೆ ಉಪಾಯ ಇಲ್ಲ ಅಂತ. ಫ್ಯಾನ್ ಕಸುಬಿನೋರೇ ಫ್ಯಾನಿಂದ ಆಗಲ್ಲ ಅಂದ್ಮೇಲೆ ನಾನು ಇನ್ನೆಂತ ಹೇಳ್ಲಿ.

ಹಂಗಾದ್ರೆ ಆ ಸಂದಿ, ಸ್ಮೋಕಿಂಗ್ ರೂಮು? ನಿಮ್ಮಲ್ಲಿ ಮೂವತ್ತು ಸೀಟಿಗೆ ಕಮ್ಮಿ ಇದ್ರೆ ಆ ಮಾತೇ ಇಲ್ಲ. ಮೂವತ್ತು ಇಲ್ಲ ಅದಕ್ಕಿಂತ ಜಾಸ್ತಿ ಇದ್ರೆ ಮಾಡ್ಬಹುದು, ಆದ್ರೆ ಮೂಲೆಲಿ ಎರಡು ಟೇಬಲ್ ಇಟ್ಟು ಪ್ಲೈವುಡ್ ಅಡ್ಡ ನಿಲ್ಸಿದ್ರೆ ಅದು ರೂಮಲ್ಲ. ನಾಲ್ಕು ಕಡೆ ನೆಲದಿಂದ ಚಾವಣಿ ತನಕ ಗೋಡೆ, ತಾನಾಗೇ ಮುಚ್ಕಳೋ ಬಾಗಿಲು, ಅದರ ಗಾಳಿ ಬೇರೆ ರೂಮಿಗೆ ಹೋಗದೆ ನೇರ ಹೊರಗೆ ಹೋಗ್ಬೇಕು, ಒಳಗಿನ ಗಾಳಿ ಒತ್ತಡ ಹೊರಗಿನ ಹಾಲಿಗಿಂತ ಕಮ್ಮಿ ಇರ್ಬೇಕು, ಅಂದ್ರೆ ಬಾಗಿಲು ತೆಗೆದ್ರೆ ಗಾಳಿ ಒಳಗೆ ನುಗ್ಬೇಕೇ ಹೊರತು ಹೊಗೆ ಹೊರಗೆ ಬರ್ಬಾರ್ದು. ಹೋಗೋ ಬರೋ ಬಾಗಿಲ ಹತ್ರ ಇರಂಗಿಲ್ಲ. ಎಲ್ಲಕ್ಕಿಂತ ಮುಖ್ಯವಾದ್ದು 2017ರಲ್ಲಿ ಸೇರ್ಸಿದ ಮಾತು: ಆ ರೂಮಲ್ಲಿ ಸೇದೋದು ಮಾತ್ರ, ಊಟ ಡ್ರಿಂಕ್ಸ್ ಯಾವ ಸರ್ವೀಸೂ ಕೊಡಂಗಿಲ್ಲ. ಹಾಗಾದ್ರೆ ನಿಮ್ಮ ಗಿರಾಕಿಗೆ ಅದರಿಂದ ಎಂತ ಉಪಯೋಗ ಹೇಳಿ? ಅವ್ನಿಗೆ ಬೇಕಾಗಿದ್ದು ಒಂದು ಸಿಪ್ಪು ಒಂದು ದಮ್ಮು. ಗ್ಲಾಸ್ ಬಿಟ್ಟು ಎದ್ದು ಹೋಗ್ಲೇಬೇಕು ಅಂದ್ರೆ ಆ ಪೆಟ್ಟಿಗೆ ಒಳಗೆ ಹೋಗೋ ಬದಲು ಹೊರಗೆ ಅಂಗಳಕ್ಕೇ ಹೋಗ್ತಾನೆ. ನನ್ನ ಕೇಳಿದ್ರೆ ಕಾನೂನಿಂದ ಆ ಸಂದಿನೇ ತೆಗೀಬೇಕು, ರೂಮ್ ಕ್ಲೀನ್ ಮಾಡೋಕೆ ಆಶ್‌ಟ್ರೇ ತೆಗೆಯೋಕೆ ಯಾರಾದ್ರೂ ಒಬ್ಬ ಹುಡುಗ ಒಳಗೆ ಹೋಗ್ಲೇಬೇಕಲ್ಲ. ರೂಮ್ ಕಟ್ಟೋ ದುಡ್ಡಿದ್ರೆ ಅಡುಗೆಮನೆ ಚಿಮಣಿ ಸರಿ ಮಾಡ್ಸಿ, ಭಟ್ರು ನೆನಪಿಟ್ಕೊಳ್ತಾರೆ.

ವ್ಯಾಪಾರದ ವಿಷ್ಯ ನಾನು ಹಗುರ ಮಾಡಲ್ಲ, ಚಿಕ್ಕಪ್ಪ ಲೈಸೆನ್ಸ್ ಫೀ ಕಟ್ಟೋರು, ನಾನಲ್ಲ. ಬೇರೆ ದೇಶಗಳಲ್ಲಿ ಬ್ಯಾನ್ ಆದಾಗ ಹೋಟ್ಲು ಬಾರುಗಳ ವ್ಯಾಪಾರ ಏನಾಯ್ತು ಅಂತ ಆದ ಸ್ಟಡಿಗಳನ್ನೆಲ್ಲ ಗುಡ್ಡೆ ಹಾಕಿ 2003ರಲ್ಲಿ ಒಂದು ಪರಿಶೀಲನೆ ಬಂತು. ಸರಿಯಾಗಿ ಮಾಡಿದ ಸ್ಟಡಿಗಳಲ್ಲಿ ಒಂದರಲ್ಲೂ ನಷ್ಟ ಕಾಣ್ಲಿಲ್ಲ, ನಷ್ಟ ಅಂದವು ಹೆಚ್ಚಿನವು ಸಿಗರೇಟ್ ಕಂಪನಿ ದುಡ್ಡಲ್ಲಿ ಆದವು. ಆದ್ರೆ ಆ ಊರುಗಳಲ್ಲಿ ಬ್ಯಾನು ಎಲ್ಲಾ ಬಾರಿಗೂ ಒಂದೇ ದಿನ ಜಾರಿ ಆಗಿದ್ದು. ನಿಮ್ಮೊಬ್ರಲ್ಲೇ ನಿಂತು ಎದುರಿನವನು ಆಶ್‌ಟ್ರೇ ಇಡ್ತಿದ್ರೆ ಮೊದಲೆರಡು ತಿಂಗಳು ನಿಮ್ಮ ಕೆಲವು ಟೇಬಲ್ ಖಾಲಿ ಹೊಡೀಬಹುದು, ಸುಳ್ಳು ಯಾಕೆ ಹೇಳ್ಲಿ. ಹಂಗಾಗೇ ನಾನು ಮಾಲೀಕರ ಇಷ್ಟಕ್ಕೆ ಬಿಡಿ ಅನ್ನೋದಕ್ಕೆ ವಿರೋಧ. ಇಷ್ಟಕ್ಕೆ ಬಿಟ್ರೆ ಒಳ್ಳೆ ಮಾಲೀಕನಿಗೇ ಹೊಡೆತ ಬೀಳೋದು, ಎಲ್ರಿಗೂ ಒಂದೇ ರೂಲ್ ಅಂದ್ರೆ ಗಿರಾಕಿ ಎಲ್ಲಿ ಹೋಗ್ತಾನೆ? ಎದುರಿನವರ ಜೊತೆ ಕೂತು ಮಾತಾಡಿ, ನಿಮ್ಮ ಊರಲ್ಲಿ ಇರೋದೇ ನಾಲ್ಕೈದು ಬಾರು, ಎಲ್ರೂ ಒಬ್ರಿಗೊಬ್ರು ಪರಿಚಯದೋರೇ ಇರ್ತೀರಿ. ಒಪ್ಲಿಲ್ಲ ಅಂದ್ರೆ ಜಿಲ್ಲಾ ತಂಬಾಕು ನಿಯಂತ್ರಣ ಕೋಶ ಅಂತ ಶಿವಮೊಗ್ಗದಲ್ಲಿದೆ, ಎಲ್ಲಾ ಕಡೆ ಒಟ್ಟಿಗೆ ತಪಾಸಣೆ ಮಾಡಿ ಅಂತ ಬರೆದುಕೊಡಿ. ಚಾಡಿ ಅನ್ನಿಸ್ಬಹುದು, ಆದ್ರೆ ಆ ಕೋಶ ಇರೋದೇ ಅದಕ್ಕೆ.

ಇನ್ನೊಂದು ಲೆಕ್ಕ ಯಾರೂ ಹಾಕಲ್ಲ. 2016-17ರ ರಾಷ್ಟ್ರೀಯ ಸರ್ವೆಲಿ ದೊಡ್ಡೋರಲ್ಲಿ ಹೊಗೆ ಸೇದೋರು ನೂರಕ್ಕೆ 10.7 ಮಾತ್ರ, ಜಗಿಯೋರು 21.4. ಗಂಡಸರಷ್ಟೇ ಲೆಕ್ಕ ಹಾಕಿ, ಬಾರಿಗೆ ಬರೋರಲ್ಲಿ ಸೇದೋರು ಜಾಸ್ತಿ ಅಂತಾನೇ ಇಟ್ಕಳಿ, ಆದ್ರೂ ಸೇದದವನು ಹೊಗೆ ಕಾರಣಕ್ಕೆ ನಿಮ್ಮಲ್ಲಿ ಊಟಕ್ಕೆ ಬರದೇ ಇದ್ದಾನಲ್ಲ, ಅವನ ಬಿಲ್ಲು ನಿಮ್ಮ ಕ್ಯಾಶ್ ಬುಕ್ಕಲ್ಲಿ ಕಾಣಲ್ಲ. (ಜಗಿಯೋರ ಬಗ್ಗೆ, ಅದರಲ್ಲೂ ಅಡಿಕೆ ಬಗ್ಗೆ ಬರೆಯೋಕೆ ಹೋದ್ರೆ ನನ್ನ ಸ್ವಂತ ತೋಟದ ಆಳುಗಳೇ ನನ್ನ ಮಾತಾಡ್ಸಲ್ಲ, ಅದು ಇನ್ನೊಂದಿನ.)

ಕುಡಿಯೋಕೆ ಬಿಟ್ಟು ಸೇದೋಕೆ ಬಿಡಲ್ಲ, ಇದೆಂತ ನ್ಯಾಯ ಅಂತ ಗಿರಾಕಿ ಕೇಳೇ ಕೇಳ್ತಾನೆ. ಅವ್ನು ಕುಡಿದ ಪೆಗ್ಗು ಪಕ್ಕದ ಟೇಬಲ್ಲಿನವನ ಲಿವರಿಗೆ ಹೋಗಲ್ಲ, ಅಷ್ಟೇ ವ್ಯತ್ಯಾಸ. ನಾನೂ ಓದೋ ಕಾಲಕ್ಕೆ ಆರು ವರ್ಷ ಸೇದಿದೋನು, ಸೇದೋರ ಮೇಲೆ ನನಗೆ ಸಿಟ್ಟಿಲ್ಲ. ಎರಡು ಪೆಗ್ ಆದ್ಮೇಲೆ ಬೆರಳು ತಾನಾಗೇ ಜೇಬಿಗೆ ಹೋಗುತ್ತೆ, ಬಿಟ್ಟೋರು ಮತ್ತೆ ಹಿಡಿಯೋದು ಎಷ್ಟೋ ಸಲ ಬಾರಲ್ಲೇ. ಒಳಗೆ ಸೇದೋಕಾಗಲ್ಲ ಅಂದ್ರೆ ಬಿಡ್ಬೇಕು ಅಂತಿರೋನಿಗೂ ಒಂದು ನೆಪ ಸಿಗುತ್ತೆ. 1800-11-2356 ಬಿಡಿಸೋ ಸಹಾಯವಾಣಿ, ದುಡ್ಡಿಲ್ಲ, ಬಿಲ್ಲಿನ ಹಿಂದೆ ಪ್ರಿಂಟ್ ಹಾಕ್ಸಿದ್ರೂ ಆಗುತ್ತೆ.

ಮಾಡೋ ಕ್ರಮ ಹೇಳ್ತೀನಿ. ಮೊದ್ಲು ಆಶ್‌ಟ್ರೇ ಎತ್ತಿ, ಬೆಂಕಿಪೊಟ್ಣ ಲೈಟರ್ ಕೊಡೋದೂ ನಿಲ್ಸಿ, ಅವು ಒಳಗಿರೋದೇ ನಿಯಮಕ್ಕೆ ವಿರುದ್ಧ. ಕೆಲವು ಕಡೆ ಆಶ್‌ಟ್ರೇ ಬದಲು ಸ್ಟೀಲ್ ಪ್ಲೇಟಲ್ಲಿ ಒದ್ದೆ ಟಿಶ್ಯೂ ಇಟ್ಟು ಕೊಡ್ತಾರೆ, ಬಲೇ ಬುದ್ಧಿವಂತಿಕೆ ಅಂದ್ಕಂಡು, ಅದೂ ಬೇಡ. 60 ಸೆಂಟಿಮೀಟರ್ ಉದ್ದ 30 ಸೆಂಟಿಮೀಟರ್ ಅಗಲದ ಬೋರ್ಡು ಬಾಗಿಲಲ್ಲಿ ಕಾಣೋ ಹಂಗೆ ಹಾಕಿ, ಯಾರಿಗೆ ದೂರು ಕೊಡ್ಬೇಕು ಅನ್ನೋ ಹೆಸರೂ ಅದರಲ್ಲಿರ್ಬೇಕು. ಒಳಗೆ ಸೇದೋಕೆ ಬಿಟ್ರೆ ಎಷ್ಟು ಜನ ಸೇದಿದ್ರೋ ಅಷ್ಟು ದಂಡ ಮಾಲೀಕರ ತಲೆಗೂ ಬರುತ್ತೆ, ಇದನ್ನ ಚಿಕ್ಕಪ್ಪಂಗೆ ಒತ್ತಿ ಹೇಳಿ. ತಂಬಾಕು ನಿಯಂತ್ರಣ ಕೋಶದವರನ್ನ ಒಂದ್ಮಾತು ಕೇಳ್ಕಂಡು, ಹಿಂದುಗಡೆ ಅಂಗಳದಲ್ಲಿ ಬಾಗಿಲಿಂದ ದೂರಕ್ಕೆ ಒಂದು ಶೀಟ್ ಇಳಿಸಿ, ಸುತ್ತ ಗೋಡೆ ಬೇಡ, ಮಳೆ ತಲೆ ಮೇಲೆ ಬೀಳದಿದ್ರೆ ಸಾಕು. ಇದು ಮಲೆನಾಡಲ್ಲಿ ದೊಡ್ಡ ಮಾತು, ನೆನೆಯೋ ಜಾಗ ತೋರ್ಸಿ ಹೊರಗೆ ಹೋಗಿ ಅಂದ್ರೆ ಯಾರೂ ಹೋಗಲ್ಲ, ಬಾಗಿಲ ಸಂದೀಲೇ ನಿಂತು ಸೇದ್ತಾರೆ, ಹೊಗೆ ಎಲ್ಲಾ ಒಳಗೆ. ಮತ್ತೆ, 'ಸೇದ್ಬೇಡಿ' ಅಂತ ಹೇಳೋ ಕೆಲಸ ಸಪ್ಲೈಯರ್ ಹುಡುಗರ ಮೇಲೆ ಹಾಕ್ಬೇಡಿ. ಕುಡಿದವನು ಅವರ ಮೇಲೆ ಏರಿ ಹೋಗ್ತಾನೆ. ಅದನ್ನ ನೀವು ಇಲ್ಲ ಚಿಕ್ಕಪ್ಪ ಹೇಳ್ಬೇಕು, 'ಅಣ್ಣಾ ಹಿಂದೆ ಶೀಟ್ ಕೆಳಗೆ ಜಾಗ ಇದೆ, ಗ್ಲಾಸ್ ನಾನು ನೋಡ್ಕೊಳ್ತೀನಿ' ಅಂದ್ರೆ ನಮ್ಮ ಕಡೆ ಜನ ಎದ್ದು ಹೋಗ್ತಾರೆ.

ಇನ್ನು ಆ ಸಪ್ಲೈಯರ್. ಕೆಮ್ಮು ಎರಡು ವಾರ ದಾಟಿದ್ರೆ ಮೊದ್ಲು ಟಿಬಿ ಇಲ್ಲ ಅಂತ ನೋಡ್ಕೋಬೇಕು, ಇದಕ್ಕೂ ಸಿಗರೇಟ್ ಹೊಗೆಗೂ ಸಂಬಂಧ ಇರ್ಲಿ ಬಿಡ್ಲಿ. ಅವರದ್ದು ಒಂದು ತಿಂಗಳಾಯ್ತು ಅಂತೀರಿ, ಅಂದ್ರೆ ತಡ ಆಗಿದೆ. ಕಫ ಪರೀಕ್ಷೆ ತಾಲ್ಲೂಕು ಆಸ್ಪತ್ರೇಲಿ ಫ್ರೀ, ಒಂದು ಎಕ್ಸ್‌ರೇನೂ ಆಗ್ಲಿ. ಅದು ಕ್ಲಿಯರ್ ಬಂದ್ರೆ ಊದಿಸಿ ನೋಡೋ ಪರೀಕ್ಷೆ, ಸ್ಪೈರೋಮೆಟ್ರಿ, ಮಾಡ್ಸಿ ಶ್ವಾಸಕೋಶ ಎಷ್ಟು ಉಳಿದಿದೆ ಅಂತ ನೋಡೋಣ. ರಜಾ ಕೇಳೋಕೆ ಅವರು ಹಿಂಜರೀತಾರೆ, ದಿನದ ಸಂಬಳ ಮುರಿಯಲ್ಲ ಅಂತ ನೀವೇ ಹೇಳಿ, ನಾಳೆ ಬಾರ್ ತೆಗೆಯೋಕೆ ಮುಂಚೆ ಕಳ್ಸಿ.